ಅವಳು ಉಣ್ಣುತ್ತಿಲ್ಲ ಎಂಬುದನ್ನು ಬರೆದುಕೊಳ್ಳುವವರು ಯಾರು?

ಮನೆಯ ಮಗಳು ಕೆಲವು ತಿಂಗಳುಗಳಿಂದ ಸರಿಯಾಗಿ ಉಣ್ಣುತ್ತಿಲ್ಲ. ಬಡಿಸಿದ್ದನ್ನು ತಟ್ಟೆಯಲ್ಲಿ ಅತ್ತಿತ್ತ ಸರಿಸುತ್ತಾಳೆ, ಎರಡು ತುತ್ತು ತಿಂದು ಏಳುತ್ತಾಳೆ, ತಿಂದದ್ದನ್ನೂ ಕೆಲವೊಮ್ಮೆ ವಾಂತಿ ಮಾಡಿಕೊಳ್ಳುತ್ತಾಳೆ. ತಾಯಿ ಮೊದಲು ಗದರಿಸುತ್ತಾಳೆ. ಅಜ್ಜಿ ನಜರ್ ತಗುಲಿದೆಯೆಂದು ಒಣಮೆಣಸು ಸುಡುತ್ತಾಳೆ. ತಂದೆ ಔಷಧಿ ಅಂಗಡಿಗೆ ಹೋಗಿ ಹಸಿವು ಹೆಚ್ಚಿಸುವ ಟಾನಿಕ್ಕನ್ನೂ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ತರುತ್ತಾನೆ. ಇಷ್ಟರಿಂದಲೂ ಗುಣ ಕಾಣದಿದ್ದರೆ ತಾವೀಜು ಬರುತ್ತದೆ. ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ನೆರೆಮನೆಯಿಂದ ಬರುತ್ತದೆ. ಪ್ರತಿಯೊಬ್ಬರಲ್ಲೂ ಒಂದೊಂದು ಪರಿಹಾರವಿದೆ. ಆದರೆ ‘ಮಗಳೇ, ನಿನ್ನ ಮನಸ್ಸಿಗೆ ಏನಾಗಿದೆ?’ ಎಂಬ ಪ್ರಶ್ನೆ ಮಾತ್ರ ಆ ಮನೆಯಲ್ಲಿ ಹುಟ್ಟುವುದೇ ಇಲ್ಲ.

ಇದು ಯಾವುದೋ ಒಂದು ಮನೆಯ ಕತೆಯಲ್ಲ. ಕೊಳ್ಳೇಗಾಲದ ಓಣಿಗಳಲ್ಲಾಗಲಿ, ಹನೂರಿನ ಗಡಿಗ್ರಾಮಗಳಲ್ಲಾಗಲಿ, ಯಳಂದೂರಿನ ಬೆಟ್ಟದ ಪೋಡುಗಳಲ್ಲಾಗಲಿ ಇಂತಹ ಮನೆ ಇರಲಾರದು ಎಂದು ಎದೆ ತಟ್ಟಿ ಹೇಳಬಲ್ಲವರು ಯಾರಿದ್ದಾರೆ? ಕೇಳಿ ತಿಳಿಯದೆ ಹಾಗೆ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ನಾವು ಇಂದು ಎತ್ತಬೇಕಾದ ಪ್ರಶ್ನೆ ಇದುವೇ. ಅಂಚಿಗೆ ತಳ್ಳಲ್ಪಟ್ಟವರ ಮನಸ್ಸಿನ ಆರೋಗ್ಯವನ್ನು, ಮನಸ್ಸು ಕೆಟ್ಟಾಗ ಕೆಡುವ ಅವರ ಊಟವನ್ನು ಕೇಳಿ ಬರೆದುಕೊಳ್ಳುವವರು ಯಾರು?

ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಗಳಿಗೆ ವೈದ್ಯಶಾಸ್ತ್ರದಲ್ಲಿ ಹೆಸರುಗಳಿವೆ. ದೇಹ ಕರಗುತ್ತಿದ್ದರೂ ಉಣ್ಣಲು ನಿರಾಕರಿಸುವ ಸ್ಥಿತಿಗೆ ಅನೋರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲಿ ಕೊಟ್ಟರು. ಒಮ್ಮೆಲೇ ಮಿತಿಮೀರಿ ತಿಂದು, ಬಳಿಕ ವಾಂತಿ ಮಾಡಿಕೊಳ್ಳುವ ಬುಲೀಮಿಯಾವನ್ನು ಜೆರಾಲ್ಡ್ ರಸೆಲ್ 1979ರಲ್ಲಿ ವಿವರಿಸಿದರು. ವಾಂತಿಯಿಲ್ಲದೆ ಹಿಡಿತ ತಪ್ಪಿ ತಿನ್ನುವುದು, ಭಯದಿಂದಲೋ ಹೇಸಿಗೆಯಿಂದಲೋ ಆಹಾರವನ್ನು ದೂರವಿಡುವುದು - ಇವೂ 2013ರ ಅಮೆರಿಕನ್ ಮನೋವೈದ್ಯಕೀಯ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಗಳಾಗಿ ಸ್ಥಾನ ಪಡೆದುವು. ಇವು ಹಟವಲ್ಲ, ಸೊಕ್ಕಲ್ಲ. ಹಸಿವು ಬಹಳ ಕಾಲ ಮುಂದುವರಿದರೆ ಹೃದಯದ ಬಡಿತ ನಿಧಾನವಾಗುತ್ತದೆ, ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿನ ಪೊಟ್ಯಾಸಿಯಂ ಕುಸಿದು ಹೃದಯವೇ ನಿಲ್ಲಬಹುದು. ಮಾನಸಿಕ ಕಾಯಿಲೆಗಳ ಪೈಕಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಅನೋರೆಕ್ಸಿಯಾವೂ ಒಂದು.

ಆದರೆ ಈ ಮಾತನ್ನು ಎತ್ತಿದೊಡನೆ ಒಂದು ಉತ್ತರ ಸಿದ್ಧವಾಗಿರುತ್ತದೆ. ಅದು ಸಿರಿವಂತರ ಕಾಯಿಲೆ, ಫ್ಯಾಶನ್ ಹುಡುಗಿಯರ ಕಾಯಿಲೆ, ಪಡಿತರ ಅಕ್ಕಿಗೆ ಸಾಲು ನಿಲ್ಲುವವರಿಗೂ ಅದಕ್ಕೂ ಏನು ಸಂಬಂಧ? ಮೇಲ್ನೋಟಕ್ಕೆ ಈ ಪ್ರಶ್ನೆ ನ್ಯಾಯವಾದುದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರುವ ವಯಸ್ಸಿನ ಮಹಿಳೆಯರಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಉಣ್ಣಲು ಇಲ್ಲದವರ ನಾಡಿನಲ್ಲಿ ಉಣ್ಣಲೊಲ್ಲದವರ ಬಗ್ಗೆ ಮಾತಾಡುವುದು ಐಷಾರಾಮವಲ್ಲವೇ?

ಅಲ್ಲ. ಯಾಕೆಂದರೆ ಬಡತನದ ಹಸಿವೂ ಮನಸ್ಸಿನ ಕಾಯಿಲೆಯೂ ಒಂದನ್ನೊಂದು ದೂರವಿಡುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ಘಟ್ಟದಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಅವರ ಒಪ್ಪಿಗೆಯೊಂದಿಗೆ ಆರು ತಿಂಗಳ ಕಾಲ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದರು. ಆ ಯುವಕರಿಗೆ ತೆಳ್ಳಗಾಗುವ ಆಸೆಯೇನೂ ಇರಲಿಲ್ಲ. ಆದರೂ ಅವರು ಖಿನ್ನರಾದರು, ಜನರಿಂದ ದೂರ ಸರಿದರು, ಹಗಲಿರುಳೂ ಆಹಾರವನ್ನೇ ಧ್ಯಾನಿಸಿದರು. ಮತ್ತೆ ಊಟ ಸಿಕ್ಕಾಗ ಕೆಲವರು ಹಿಡಿತವಿಲ್ಲದೆ ತಿಂದರು. ಅಂದರೆ ಹಸಿವು ತಾನಾಗಿಯೇ ಮನಸ್ಸನ್ನು ಕೆಡಿಸುತ್ತದೆ. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಮೆರಿಕದ ಟೆಕ್ಸಾಸ್‌ನದು. ಕ್ಯಾರೊಲಿನ್ ಬೆಕರ್ ಮತ್ತು ಸಂಗಡಿಗರು ಅಲ್ಲಿ ದಾನದ ಆಹಾರ ಪಡೆಯಲು ಬರುವ ಬಡವರನ್ನು ಮಾತಾಡಿಸಿದರು. ಮಕ್ಕಳೂ ಹಸಿದಿರಬೇಕಾದಂತಹ ಕಡುಬಡತನದ ಮನೆಗಳವರಲ್ಲಿ ಶೇ. 17ರಷ್ಟು ಮಂದಿಗೆ ಊಟದ ಕಾಯಿಲೆಯ ಗಂಭೀರ ಲಕ್ಷಣಗಳಿದ್ದುವು. ತಿಂಗಳ ಆರಂಭದಲ್ಲಿ ಸಿಕ್ಕಾಗ ಗಬಗಬನೆ ತಿನ್ನುವುದು, ಕೊನೆಯಲ್ಲಿ ಉಪವಾಸ ಬೀಳುವುದು, ಮಕ್ಕಳಿಗೆ ಉಳಿಯಲೆಂದು ತಾನು ಬಿಡುವುದು - ಈ ಚಕ್ರ ಎಷ್ಟು ಮನೆಗಳಿಗೆ ಪರಿಚಿತವಲ್ಲ? ಸಿರಿವಂತರ ಕಾಯಿಲೆ ಎಂಬ ಹಣೆಪಟ್ಟಿ ಬಿದ್ದದ್ದು ಸಂಶೋಧಕರು ಸಿರಿವಂತರನ್ನೇ ಹೆಚ್ಚಾಗಿ ಪರೀಕ್ಷಿಸಿದ್ದರಿಂದ.

ಈಗ ನಮ್ಮ ಈ ಮೂರು ತಾಲೂಕುಗಳನ್ನು ನೋಡೋಣ. ಕೊಳ್ಳೇಗಾಲ 1956ರ ವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬಳಿಕ ಮೈಸೂರು ಜಿಲ್ಲೆಗೆ, 1997ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿದೆ. ಹನೂರು ಇತ್ತೀಚಿನವರೆಗೂ ಕೊಳ್ಳೇಗಾಲದ ಒಂದು ಭಾಗವಾಗಿತ್ತು. ಪ್ರತಿಯೊಂದು ರಾಜಧಾನಿಗೂ ಇದು ಕೊನೆಯ ತುದಿ. ಈ ತುದಿಯಲ್ಲಿ ರೇಷ್ಮೆಯನ್ನು ನಂಬಿದ ನೇಕಾರರೂ ನೂಲು ಬಿಚ್ಚಾಣಿಕೆಯ ಕಾರ್ಮಿಕರೂ ಇದ್ದಾರೆ. ಕುದಿಯುವ ನೀರಿನ ಮುಂದೆ ದಿನವಿಡೀ ಕೂತ ಹೆಣ್ಣಿಗೆ ಗೂಡಿನ ವಾಸನೆಯಲ್ಲಿ ಊಟ ಸೇರುವುದಾದರೂ ಹೇಗೆ? ದಲಿತ ಕೂಲಿಕಾರರಿದ್ದಾರೆ, ತಮಿಳು ಮಾತಾಡುವ ಗಡಿಗ್ರಾಮದವರಿದ್ದಾರೆ, ಒಡೆಯರಪಾಳ್ಯದ ಶಿಬಿರದಲ್ಲಿ ದೇಶ ಕಳೆದುಕೊಂಡ ಟಿಬೆಟಿಯನ್ನರಿದ್ದಾರೆ, ದಖನಿ ಮಾತಾಡುವ ಮುಸ್ಲಿಮರಿದ್ದಾರೆ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಸೋಲಿಗರಿದ್ದಾರೆ.

ಸೋಲಿಗರ ಊಟದ ಕತೆಯನ್ನು ಕೇಳಿದರೆ ಆಹಾರಕ್ಕೂ ಮನಸ್ಸಿಗೂ ಇರುವ ನಂಟು ಅರ್ಥವಾಗುತ್ತದೆ. ಕಾಡಿನಲ್ಲಿ ರಾಗಿ ಬಿತ್ತಿ, ಗೆಡ್ಡೆ ಅಗೆದು, ಸೊಪ್ಪು ಕಿತ್ತು, ಜೇನು ಇಳಿಸಿ ಬದುಕಿದ್ದ ಜನ ಅವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಬೇಸಾಯವೂ ಬೇಟೆಯೂ ನಿಂತುವು, ಪೋಡುಗಳು ಕಾಡಿನಂಚಿಗೆ ಸರಿದುವು. 2011ರ ಆರಂಭದಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳು ಹೋರಾಡಿ ಸಮುದಾಯದ ಹಕ್ಕುಪತ್ರ ಪಡೆದುವು. ಅದು ದೊಡ್ಡ ಗೆಲುವು. ಆದರೆ ನಡುವಣ ನಾಲ್ಕು ದಶಕಗಳಲ್ಲಿ ತಟ್ಟೆಯಲ್ಲಿದ್ದುದು ಬದಲಾಗಿತ್ತು. ಗೆಡ್ಡೆಯ ಜಾಗಕ್ಕೆ ಪಡಿತರದ ಬಿಳಿ ಅಕ್ಕಿ ಬಂತು. ತಲೆತಲಾಂತರದ ಊಟ ಕೈತಪ್ಪಿದವನ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ತೂಕದ ಯಂತ್ರ ಅಳೆಯಲಾರದು. ಆ ಕಾಡಿನ ಹುಲಿಗಳನ್ನು ನಾಲ್ಕು ವರ್ಷಕ್ಕೊಮ್ಮೆ ಎಣಿಸಲಾಗುತ್ತದೆ. ಅದು ತಪ್ಪಲ್ಲ. ಆದರೆ ಅದೇ ಕಾಡಿನ ಹೆಣ್ಣುಮಗಳ ನಿದ್ದೆಯನ್ನೂ ಹಸಿವನ್ನೂ ದುಃಖವನ್ನೂ ಎಷ್ಟು ವರ್ಷಕ್ಕೊಮ್ಮೆ ಕೇಳಬೇಕು?

ಇನ್ನೊಂದು ಘಟನೆಯನ್ನು ಈ ಭಾಗದವರು ಮರೆಯಲಾರರು. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮ ದೇವಸ್ಥಾನದಲ್ಲಿ ಕೀಟನಾಶಕ ಬೆರೆಸಿದ ಪ್ರಸಾದವನ್ನು ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಹೆಚ್ಚಿನವರು ಬಡವರು, ಕೂಲಿಕಾರರು. ಪರಿಹಾರ ಘೋಷಣೆಯಾಯಿತು, ಬಂಧನಗಳಾದುವು, ಮೊಕದ್ದಮೆ ಹೂಡಲಾಯಿತು. ಆದರೆ ಬದುಕುಳಿದವರ ಗಂಟಲಲ್ಲಿ ಮರುದಿನದ ತುತ್ತು ಹೇಗೆ ಇಳಿಯಿತು? ತಾಯಿಯನ್ನು ಕಳೆದುಕೊಂಡ ಮಗು ಇತರರ ಕೈಯ ಅನ್ನವನ್ನು ಮತ್ತೆ ನಂಬಿತೇ? ಉಸಿರುಗಟ್ಟಿದ ಅಥವಾ ವಿಷಪ್ರಾಶನವಾದ ಅನುಭವದ ಬಳಿಕ ಆಹಾರವನ್ನೇ ಭಯದಿಂದ ದೂರವಿಡುವುದು ಒಂದು ಕಾಯಿಲೆಯಾಗಿ ಬೆಳೆಯಬಹುದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಈ ಪ್ರಶ್ನೆಯನ್ನು ಕೇಳಬೇಕಾದ ಜಾಗ ಜಗತ್ತಿನಲ್ಲಿ ಯಾವುದಾದರೂ ಇದ್ದರೆ ಅದು ಸುಳ್ವಾಡಿಯ ಸುತ್ತಮುತ್ತಲ ಹಳ್ಳಿಗಳು.

ನಮ್ಮ ದೇಶದ ಸಂಶೋಧನೆ ಏನು ಹೇಳುತ್ತದೆ? 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ಬೆಂಗಳೂರಿನ ನಿಮ್ಹಾನ್ಸ್. ವಯಸ್ಕರಲ್ಲಿ ಶೇ. 10.6 ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆಯಿದೆ, ಸಾಮಾನ್ಯ ಮಾನಸಿಕ ಕಾಯಿಲೆಗಳಿರುವ ನೂರರಲ್ಲಿ 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಅದು ತಿಳಿಸಿತು. ವಿಚಿತ್ರವೆಂದರೆ ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಇನ್ನು ಊಟದ ಕಾಯಿಲೆಗಳ ಬಗ್ಗೆ ಹೇಳುವುದಾದರೆ, 2012ರಲ್ಲಿ ಪ್ರಕಟವಾದ ನಿಮ್ಹಾನ್ಸ್ ವೈದ್ಯರ ಒಂದು ಅಧ್ಯಯನದಲ್ಲಿ ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಲಾಯಿತು. ಮೂವರಲ್ಲಿ ಇಬ್ಬರು ವೈದ್ಯರು ಇಂತಹ ರೋಗಿಯೊಬ್ಬರನ್ನಾದರೂ ಕಂಡಿದ್ದರು. ಆದರೆ ಅವರು ಕಂಡದ್ದು ಬೆಂಗಳೂರಿನ ಚಿಕಿತ್ಸಾಲಯದ ಮೆಟ್ಟಿಲು ಹತ್ತಿದವರನ್ನು. ಹನೂರಿನಿಂದ ಬಸ್ಸಿಗೆ ಹಣ ಹೊಂದಿಸಲಾಗದವಳು ಆ ಲೆಕ್ಕದಲ್ಲಿ ಬರುವುದು ಹೇಗೆ? ಆಸ್ಪತ್ರೆಗೆ ಬಾರದವರನ್ನು ರೋಗವಿಲ್ಲದವರೆಂದು ಎಣಿಸುವುದಕ್ಕಿಂತ ದೊಡ್ಡ ತಪ್ಪು ಬೇರೆ ಇಲ್ಲ.

ಕೇಳುವ ಪ್ರಶ್ನೆಯೂ ಸರಿಯಾಗಿರಬೇಕು. ಮೈಕೆಲ್ ಕಿಂಗ್ ಮತ್ತು ದಿನೇಶ್ ಭುಗ್ರಾ ಎಂಬ ಮನೋವೈದ್ಯರು ಉತ್ತರ ಭಾರತದ ಒಂದು ಪಟ್ಟಣದ ಶಾಲಾ ಹುಡುಗಿಯರಿಗೆ ಪಾಶ್ಚಾತ್ಯ ಪ್ರಶ್ನಾವಳಿಯನ್ನು ಕೊಟ್ಟರು. 1989ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಂಕಗಳನ್ನಷ್ಟೇ ಕೂಡಿಸಿದರೆ ಬಹಳಷ್ಟು ಹುಡುಗಿಯರು ರೋಗಿಗಳಂತೆ ಕಂಡರು. ಆದರೆ ವಿಚಾರಿಸಿದಾಗ ಗೊತ್ತಾದುದೇ ಬೇರೆ. ಕೆಲವು ಪ್ರಶ್ನೆಗಳು ಅವರಿಗೆ ಬೇರೆಯೇ ಅರ್ಥ ಕೊಟ್ಟಿದ್ದುವು. ವ್ರತ, ಉಪವಾಸಗಳ ರೂಢಿಯೂ ಉತ್ತರದೊಳಗೆ ಸೇರಿತ್ತು. ಇದಕ್ಕೆ ವಿರುದ್ಧವಾದ ಪಾಠ ದಿಲ್ಲಿಯದು. 1995ರಲ್ಲಿ ಖಂಡೇಲ್ವಾಲ್ ಮತ್ತು ಸಂಗಡಿಗರು ಐವರು ಯುವತಿಯರ ವಿವರಗಳನ್ನು ಪ್ರಕಟಿಸಿದರು. ಅವರು ಉಣ್ಣುತ್ತಿರಲಿಲ್ಲ, ವಾಂತಿ ಮಾಡುತ್ತಿದ್ದರು, ತೂಕ ಕಳೆದುಕೊಂಡಿದ್ದರು. ಆದರೆ ದಪ್ಪಗಾಗುವ ಭಯವಾಗಲಿ, ಮೈಮಾಟದ ಚಿಂತೆಯಾಗಲಿ ಅವರಲ್ಲಿ ಇರಲಿಲ್ಲ. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಗೆ ಬಂದ ಮಕ್ಕಳ ಬಗೆಗಿನ 2007ರ ವರದಿಯಲ್ಲೂ ಹೆಚ್ಚಾಗಿ ಕಂಡದ್ದು ಮನೋಕಾರಣದ ವಾಂತಿ. ಅಂದರೆ ಪುಸ್ತಕದ ಪ್ರಶ್ನೆಯನ್ನೇ ಕೇಳಿದರೆ ಆರೋಗ್ಯವಂತಳು ರೋಗಿಯಾಗುತ್ತಾಳೆ, ರೋಗಿ ಕಣ್ತಪ್ಪಿ ಹೋಗುತ್ತಾಳೆ. ‘ದಪ್ಪಗಾಗುವ ಭಯವಿದೆಯೇ?’ ಎಂದರೆ ಕೊಳ್ಳೇಗಾಲದ ಹುಡುಗಿ ಇಲ್ಲವೆನ್ನುತ್ತಾಳೆ. ‘ಹೊಟ್ಟೆಯಲ್ಲಿ ಏನೋ ಗಂಟು ಕಟ್ಟುತ್ತದೆ, ಘಬರಾಹಟ್ ಆಗುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ’ ಎನ್ನುವುದು ಅವಳ ಭಾಷೆ. ಆ ಭಾಷೆ ನಮೂನೆಯಲ್ಲಿ ಇರಬೇಕು. ದಖನಿಯವಳಿಗೆ ದಖನಿಯಲ್ಲಿ, ಸೋಲಿಗರಿಗೆ ಸೋಲಿಗನುಡಿಯಲ್ಲಿ, ಗಡಿಯವರಿಗೆ ತಮಿಳಿನಲ್ಲಿ ಪ್ರಶ್ನೆ ಇರಬೇಕು.

ಇಷ್ಟೇ ಸಾಲದು. ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ಯಾರು ಕೊನೆಗೆ ಉಣ್ಣುತ್ತಾರೆ, ಕೊನೆಯವಳಿಗೆ ಏನು ಉಳಿಯುತ್ತದೆ ಎಂದು ಕೇಳದ ಸಮೀಕ್ಷೆ ಅರ್ಧ ಸಮೀಕ್ಷೆ. ಇಲ್ಲದ್ದಕ್ಕಾಗಿ ಉಣ್ಣದವಳನ್ನೂ ಒಲ್ಲದ್ದಕ್ಕಾಗಿ ಉಣ್ಣದವಳನ್ನೂ ಬೇರ್ಪಡಿಸಿ ನೋಡದಿದ್ದರೆ ಒಬ್ಬಳಿಗೆ ಅಕ್ಕಿಯ ಬದಲು ಮಾತ್ರೆ ಸಿಗುತ್ತದೆ, ಇನ್ನೊಬ್ಬಳಿಗೆ ಚಿಕಿತ್ಸೆಯ ಬದಲು ಅಕ್ಕಿ ಸಿಗುತ್ತದೆ. ಗಂಡಸರ ಎದುರು ಹೆಣ್ಣುಮಕ್ಕಳು ಬಾಯಿ ತೆರೆಯಲಾರರು. ಕೇಳುವವರು ಮಹಿಳೆಯರೇ ಆಗಿರಬೇಕು, ಉತ್ತರ ಗುಟ್ಟಾಗಿ ಉಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೇಳುವ ಮೊದಲೇ ಚಿಕಿತ್ಸೆಯ ದಾರಿ ಸಿದ್ಧವಿರಬೇಕು. ಗಾಯವನ್ನು ಬಿಚ್ಚಿ ನೋಡಿ, ಪದವಿಗೆ ಬೇಕಾದ ಅಂಕಿಸಂಖ್ಯೆ ಸಿಕ್ಕಿತೆಂದು ಎದ್ದುಹೋಗುವುದು ಸಂಶೋಧನೆಯಲ್ಲ, ಸುಲಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ದುರ್ಬಲ ಸಮುದಾಯಗಳ ವಿಷಯದಲ್ಲಿ ವಿಶೇಷ ಎಚ್ಚರವನ್ನು ಕಡ್ಡಾಯಗೊಳಿಸುತ್ತವೆ. ಫಲಿತಾಂಶವನ್ನು ಆ ಓಣಿಗೆ, ಆ ಪೋಡಿಗೆ ಮರಳಿ ತಂದು ಓದಿ ಹೇಳುವವರೆಗೆ ಸಂಶೋಧಕನ ಋಣ ತೀರುವುದಿಲ್ಲ.

ಇದೆಲ್ಲ ಆಗದ ಮಾತೇ? ಆಗುವ ಮಾತೆಂಬುದಕ್ಕೆ ಸಾಕ್ಷಿ ಯಳಂದೂರಿನಲ್ಲೇ ಇದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಯಳಂದೂರು ತಾಲೂಕಿನ ಕುಷ್ಠರೋಗದ ವಿರುದ್ಧ ಹೋರಾಡಲು 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಮನೆಮನೆಗೆ ಹೋಗಿ, ಜನ ಮುಚ್ಚಿಟ್ಟ ಕಾಯಿಲೆಯನ್ನು ಗೌರವದಿಂದ ಕೇಳಿ, ಅಲ್ಲಿಯೇ ಮದ್ದು ಕೊಟ್ಟದ್ದರಿಂದ ಕುಷ್ಠ ಇಳಿಯಿತು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಹಿಸಿಕೊಂಡ ಆ ಸಂಸ್ಥೆ ಮೂರ್ಛೆರೋಗ ಮತ್ತು ಮಾನಸಿಕ ಕಾಯಿಲೆಗಳ ಚಿಕಿತ್ಸೆಯನ್ನೂ ಅದೇ ಕೇಂದ್ರದ ದಿನನಿತ್ಯದ ಕೆಲಸಕ್ಕೆ ಸೇರಿಸಿತು. ಕುಷ್ಠದಷ್ಟು ಲಜ್ಜೆಯ ಕಾಯಿಲೆಯನ್ನು ಮನೆಬಾಗಿಲಲ್ಲಿ ಮಾತಾಡಿಸಲು ಸಾಧ್ಯವಾದ ತಾಲೂಕಿನಲ್ಲಿ ಮನಸ್ಸಿನ ಕಾಯಿಲೆಯನ್ನು ಮಾತಾಡಿಸಲು ಸಾಧ್ಯವಿಲ್ಲವೇ? ಚಾಮರಾಜನಗರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಘೋಷಿಸಿದೆ. ಸರಕಾರ ಮನಸ್ಸು ಮಾಡಿದರೆ ಆಶಾ ಕಾರ್ಯಕರ್ತೆಯ ಕೈಗೆ ಐದಾರು ಸರಳ ಪ್ರಶ್ನೆಗಳನ್ನು ಕೊಡುವುದು ಕಷ್ಟವೇನಲ್ಲ. ಆದರೆ ಅದಕ್ಕೆ ತಕ್ಕ ಗೌರವಧನವನ್ನೂ ತರಬೇತಿಯನ್ನೂ ಕೊಡದೆ ಅವಳ ಹೆಗಲಿಗೆ ಇನ್ನೊಂದು ಹೊರೆ ಹೊರಿಸುವುದು ಅನ್ಯಾಯ.

ಸರಕಾರಕ್ಕೆ ಇಷ್ಟನ್ನು ಹೇಳಿದ ಮೇಲೆ ನಮ್ಮೊಳಗೂ ನೋಡಿಕೊಳ್ಳಬೇಕು. ಪ್ರಶ್ನಾವಳಿ ಹಿಡಿದು ಬಂದವರನ್ನು ಮುಸ್ಲಿಮ್ ಓಣಿಗಳು ಸಂಶಯದಿಂದ ನೋಡುತ್ತವೆ ಎಂಬುದು ನಿಜ. ಆ ಸಂಶಯಕ್ಕೆ ಕಾರಣವೂ ಇದೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದ ಬಳಿಕ ಹೆಸರು, ಊರು, ತಂದೆಯ ಹೆಸರು ಕೇಳುವ ಯಾವುದೇ ಕಾಗದ ನಮ್ಮವರಲ್ಲಿ ನಡುಕ ಹುಟ್ಟಿಸಿತು. ಆ ಭಯವನ್ನು ಹುಟ್ಟಿಸಿದವರೇ ಅದನ್ನು ಹೋಗಲಾಡಿಸುವ ಹೊಣೆಯನ್ನೂ ಹೊರಬೇಕು. ಆದರೆ ಭಯದ ನೆಪದಲ್ಲಿ ನಾವು ಮುಚ್ಚುವ ಬಾಗಿಲು ಯಾರ ಮುಖಕ್ಕೆ ಮುಚ್ಚುತ್ತದೆ? ಒಳಗಿರುವ ನಮ್ಮದೇ ಮಗಳ ಮುಖಕ್ಕೆ. ಜಮಾಅತ್ ಸಮಿತಿಗಳು ಸಂಶೋಧಕರನ್ನು ಕರೆದು, ಪ್ರಶ್ನೆಗಳನ್ನು ಮೊದಲೇ ಓದಿ ನೋಡಿ, ಹೆಸರು ಬೇಡವೆಂದು ಷರತ್ತು ಹಾಕಿ, ಬಳಿಕ ಮನೆಗಳಿಗೆ ಕಳುಹಿಸಬಹುದು. ನಮ್ಮ ಪದವೀಧರ ಹೆಣ್ಣುಮಕ್ಕಳೇ ಆ ತಂಡದಲ್ಲಿ ಕೆಲಸ ಮಾಡಬಹುದು.

ರಂಝಾನಿನ ಉಪವಾಸದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಉಪವಾಸ ಕಾಯಿಲೆಯಲ್ಲ. ಸಂಜೆ ಮನೆಯವರೊಂದಿಗೆ ಕೂತು ಸಂತೋಷದಿಂದ ಉಪವಾಸ ಮುರಿಯುವವಳನ್ನು ರೋಗಿಯೆಂದು ಬರೆದುಕೊಳ್ಳುವ ನಮೂನೆ ತಪ್ಪು. ಆದರೆ ರಂಝಾನ್ ಮುಗಿದ ಮೇಲೂ ಉಪವಾಸವನ್ನು ಬಿಡದವಳು, ಇಫ್ತಾರಿನ ಹೊತ್ತಿಗೆ ಕಣ್ಮರೆಯಾಗುವವಳು, ತಿಂದೊಡನೆ ಬಚ್ಚಲಿಗೆ ಹೋಗುವವಳು ಭಕ್ತಿಯ ಹೆಸರಿನ ಹಿಂದೆ ಕಾಯಿಲೆಯನ್ನು ಮರೆಮಾಡುತ್ತಿರಬಹುದು. ರೋಗಿಗೆ ಉಪವಾಸದಿಂದ ವಿನಾಯಿತಿಯಿದೆ, ಗುಣವಾದ ಬಳಿಕ ಪೂರೈಸಲು ಅಥವಾ ಬಡವರಿಗೆ ಉಣಿಸಲು ಅವಕಾಶವಿದೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ಸಕ್ಕರೆ ಕಾಯಿಲೆಯವನಿಗೆ ತಕ್ಷಣ ಕೊಡುವ ಆ ರಿಯಾಯಿತಿಯನ್ನು ಮನಸ್ಸಿನ ರೋಗಿಗೆ ಕೊಡಲು ಯಾಕೆ ಹಿಂಜರಿಯುತ್ತೇವೆ? ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಬೇಕು ಎಂದು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್‌ಬಲ್ಖಿ ಎಂಬ ವಿದ್ವಾಂಸರು ಗ್ರಂಥ ಬರೆದಿದ್ದರು. ಆ ಪರಂಪರೆಯ ವಾರಸುದಾರರು ತಾವೀಜಿನ ಅಂಗಡಿಯ ಮುಂದೆ ಸಾಲು ನಿಂತಿರುವುದು ನಾಚಿಕೆಗೇಡು. ಪ್ರಾರ್ಥನೆ ಇರಲಿ. ಅದು ಔಷಧಿಯ ಜೊತೆಗಿರಲಿ, ಔಷಧಿಯ ಬದಲಿಗಲ್ಲ.

ಹೆಣ್ಣು ನೋಡಲು ಬಂದವರು ಅವಳ ಗಾತ್ರವನ್ನೂ ಬಣ್ಣವನ್ನೂ ಅವಳ ಎದುರಿನಲ್ಲೇ ತೂಗುತ್ತಾರಲ್ಲ, ಅದು ಎಷ್ಟು ಹುಡುಗಿಯರ ಗಂಟಲಿನ ತುತ್ತನ್ನು ಕಿತ್ತುಕೊಂಡಿರಬಹುದು? ಪರೀಕ್ಷೆಯ ಸೋಲು, ತಂದೆಯ ಕುಡಿತ, ಗಂಡನ ಏಟು, ಬೇಡದ ನಿಕಾಹ್ - ಇವುಗಳನ್ನು ಬಾಯಿಬಿಟ್ಟು ಹೇಳಲಾಗದವಳು ಊಟ ಬಿಡುವ ಮೂಲಕ ಹೇಳುತ್ತಾಳೆ. ಮನೆಯಲ್ಲಿ ಅವಳಿಗೆ ಬೇಡ ಎನ್ನಲು ಉಳಿದಿರುವುದು ತಟ್ಟೆಯೊಂದೇ. ಆದುದರಿಂದ ಅವಳನ್ನು ಬಲವಂತವಾಗಿ ಉಣಿಸುವುದರಿಂದಾಗಲಿ ಗದರಿಸುವುದರಿಂದಾಗಲಿ ಪ್ರಯೋಜನವಿಲ್ಲ. ಮೊದಲು ತಾಲೂಕು ಆಸ್ಪತ್ರೆಯಲ್ಲಿ ರಕ್ತಹೀನತೆ, ಥೈರಾಯ್ಡ್, ಕ್ಷಯ, ಹೊಟ್ಟೆಯ ಹುಣ್ಣು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಹಳ ದಿನ ಉಣ್ಣದವಳಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದೂ ಅಪಾಯ, ಅದು ವೈದ್ಯರ ನಿಗಾದಲ್ಲೇ ಆಗಬೇಕು. ತಲೆಸುತ್ತಿ ಬಿದ್ದರೆ, ಎದೆಬಡಿತ ತಪ್ಪಿದರೆ, ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸೇವೆಗೆ 14416ರಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸಮೀಕ್ಷೆ ಎಂದಾದರೊಂದು ದಿನ ಬರಬಹುದು, ಬರಲೇಬೇಕೆಂದು ನಾವು ಒತ್ತಾಯಿಸಬೇಕು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಲೆಕ್ಕ ಬೆಂಗಳೂರಿನ ಕಡತದಲ್ಲಿ ಸೇರಬೇಕು. ಆದರೆ ಆ ದಿನದವರೆಗೂ ಆ ಮಗಳು ಕಾಯಬೇಕೇ? ಮೊದಲ ಪ್ರಶ್ನೆಗೆ ಯಾವ ನಮೂನೆಯೂ ಬೇಡ, ಯಾವ ಅನುದಾನವೂ ಬೇಡ. ಇಂದು ರಾತ್ರಿ ಊಟಕ್ಕೆ ಕೂತಾಗ ಯಾರ ತಟ್ಟೆ ಹಾಗೆಯೇ ಉಳಿದಿದೆ ಎಂದು ತಂದೆಯೊಬ್ಬ ನೋಡಿದರೆ ಸಾಕು, ಗದರಿಸದೆ ಪಕ್ಕದಲ್ಲಿ ಕೂತು ಅವಳು ಹೇಳುವುದನ್ನು ಪೂರ್ತಿ ಕೇಳಿದರೆ ಸಾಕು. ಅದಕ್ಕೂ ನಮ್ಮಲ್ಲಿ ಪುರುಸೊತ್ತಿಲ್ಲವೆಂದಾದರೆ, ಸರಕಾರವನ್ನು ದೂರುವ ಹಕ್ಕು ನಮಗೆಲ್ಲಿಂದ ಬಂತು?